ಮುದ್ರಣಚಿತ್ರವೂ ಮೂಲಪ್ರತಿಯ ಪ್ರಶ್ನೆಯೂ

ಮುದ್ರಣಚಿತ್ರಗಳ ಸಣ್ಣ ಪ್ರದರ್ಶನವೊಂದಕ್ಕೆ ಹೋದವರಿಗೆ ಚಿತ್ರಗಳ ಅಡಿಯಲ್ಲಿ ಸೀಸದ ಕಡ್ಡಿಯಿಂದ ಬರೆದ 7/25 ಎಂಬಂತಹ ಅಂಕಗಳು ಕಾಣುವುವು. ಒಂದೇ ಅಚ್ಚಿನಿಂದ ತೆಗೆದ 25 ಪ್ರತಿಗಳಲ್ಲಿ ಇದು ಏಳನೆಯದೆಂದು ಅರ್ಥ. ಹಾಗಾದರೆ ಮೂಲವೆಲ್ಲಿ? ಓಲೆಯ ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನರಸುವ ನಮ್ಮಂತಹವರು ಹೀಗೆ ಕೇಳುವುದು ಸಹಜವೇ. ಆದರೆ ಇದೇ ನೆಪದಿಂದ ಮುದ್ರಣಚಿತ್ರವನ್ನು ವರ್ಣಚಿತ್ರಕ್ಕಿಂತ ಕೀಳೆಂದೆಣಿಸುವುದು ಯುಕ್ತವಲ್ಲ. ಇದರ ನಿರ್ಣಯಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಸಾಮಗ್ರಿಯುಂಟು.

ಒಂದು ಕಾವ್ಯವು ಇನ್ನೊಂದನ್ನು ಹೋಲುವ ಬಗೆಯನ್ನು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮೂರಾಗಿ ವಿಂಗಡಿಸಿರುವನು: ಪ್ರತಿಬಿಂಬದಂತೆ, ಆಲೇಖ್ಯದಂತೆ, ತುಲ್ಯದೇಹಿಯಂತೆ. ಮೊದಲನೆಯದಕ್ಕೆ ಬೇರೆ ಆತ್ಮವಿಲ್ಲ. ಎರಡನೆಯದರ ಆತ್ಮವು ತುಚ್ಛ. ಮೂರನೆಯದಕ್ಕೆ ತನ್ನದೇ ಆದ ಆತ್ಮವಿರುವುದರಿಂದ ಅದು ತ್ಯಾಜ್ಯವಲ್ಲ. ಈ ವಿಭಾಗವನ್ನು ಚಿತ್ರಕ್ಕೂ ಅನ್ವಯಿಸಬಹುದು.

1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ಹೊರಟ ದೇವತಾಚಿತ್ರಗಳು ಮನೆಮನೆಯ ಗೋಡೆಯನ್ನೇರಿದುವು. ಅವುಗಳಲ್ಲಿ ಅನೇಕಕ್ಕೆ ತೈಲಚಿತ್ರವು ಮೊದಲೇ ಸಿದ್ಧವಾಗಿದ್ದಿತು. ಕುಶಲಿಗಳು ಅದನ್ನು ಕಲ್ಲಿಗೆ ಇಳಿಸಿದರು. ಅವುಗಳ ಉಪಕಾರ ದೊಡ್ಡದಾದರೂ ಅಂತಹವು ಮೊದಲೆರಡು ವರ್ಗಗಳನ್ನು ಮೀರಲಾರವು.

ಸೋಮನಾಥ ಹೋರ್ (1921–2006) ಅವರ ಕೃತಿಗಳ ವಿಷಯ ಬೇರೆ. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡ ಈ ಕಲಾವಿದರು 1970ರ ದಶಕದಲ್ಲಿ 'ಗಾಯಗಳು' ಎಂಬರ್ಥದ ಹೆಸರಿನ ಚಿತ್ರಮಾಲೆಯನ್ನು ರಚಿಸಿದರು. ಮಣ್ಣಿನ ಅಥವಾ ಮೇಣದ ಹಾಳೆಯನ್ನು ಚೂರಿಯಿಂದ ಸೀಳಿ, ಕಾದ ಕಬ್ಬಿಣದಿಂದ ಸುಟ್ಟು, ಅದರ ಮೇಲೆ ಸಿಮೆಂಟಿನ ಅಚ್ಚನ್ನು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನು ಒತ್ತುವುದು ಅವರ ಕ್ರಮ. ಬಿಳಿಯ ಕಾಗದದಲ್ಲಿ ಬಿಳಿಯ ಗಾಯ. ಮಣ್ಣಿನಲ್ಲಿ ಆ ಸೀಳು ಬರಿಯ ಹಳ್ಳ. ಚರ್ಮದಂತೆ ಮೃದುವಾದ ಕಾಗದದಲ್ಲಿ ಮೂಡಿದಾಗಲೇ ಅದು ಗಾಯವಾಗುವುದು. ತಿರುಳು ಅಚ್ಚಿನಲ್ಲಿ ಒಣಗುವವರೆಗೆ ಚಿತ್ರವೆಂಬುದೇ ಇಲ್ಲ. ಆದುದರಿಂದ ಇವು ತುಲ್ಯದೇಹಿಗಳು. ಒಡಹುಟ್ಟಿದವರಲ್ಲಿ ಕಿರಿಯನನ್ನು ಹಿರಿಯನ ನಕಲೆಂದು ಯಾರೂ ಹೇಳರು.

ಶಿಲ್ಪವೂ ಮುದ್ರಣವೂ ಇಲ್ಲಿ ಬೆರೆತಿರುವ ರೀತಿಯೂ ಗಮನಾರ್ಹ. ಆಲಂಕಾರಿಕರು ಅಲಂಕಾರಗಳ ಬೆರಕೆಯಲ್ಲಿ ಎಳ್ಳು ಅಕ್ಕಿಗಳಂತೆ ಬೇರೆಯಾಗಿ ತೋರುವ ಸಂಸೃಷ್ಟಿಯನ್ನೂ, ಹಾಲು ನೀರುಗಳಂತೆ ಒಂದಾಗುವ ಸಂಕರವನ್ನೂ ಹೇಳುವರು. ಕಾಗದದ ಮೇಲೆ ಬಟ್ಟೆಯನ್ನೂ ತಂತಿಯನ್ನೂ ಅಂಟಿಸಿದ ಮಿಶ್ರಮಾಧ್ಯಮದ ಕೃತಿಗಳು ಬಹುಮಟ್ಟಿಗೆ ಸಂಸೃಷ್ಟಿಯಲ್ಲಿಯೇ ನಿಲ್ಲುವುವು. ಅದು ದೋಷವಲ್ಲ, ಆದರೆ ಬಟ್ಟೆಯನ್ನು ಕಿತ್ತರೂ ಭಾವಕ್ಕೆ ಕುಂದಿಲ್ಲವಾದರೆ ಅದು ವ್ಯರ್ಥ. ಹೋರ್ ಅವರದು ಸಂಕರ. ಅಲ್ಲಿ ಕಾಗದವನ್ನು ಬಿಟ್ಟು ಗಾಯವಿಲ್ಲ.

ವಿದ್ಯಾರ್ಥಿಗಳನ್ನು ಪ್ರದರ್ಶನಕ್ಕೆ ಕರೆದೊಯ್ಯುವ ಉಪಾಧ್ಯಾಯರು ಎಷ್ಟು ಪ್ರತಿಗಳೆಂದು ಎಣಿಸುವುದಕ್ಕೆ ಮೊದಲು, ಅಚ್ಚಿಗೆ ಹೋಗುವ ಮುನ್ನವೇ ಚಿತ್ರವು ಪೂರ್ಣವಾಗಿದ್ದಿತೇ ಎಂಬುದನ್ನು ವಿಚಾರಿಸಬೇಕು. ಇಲ್ಲವೆಂದಾದರೆ, ಏಳನೆಯ ಹಾಳೆಯ ಮುಂದೆಯೂ ಮೂಲಕೃತಿಯ ಮುಂದೆ ನಿಂತಂತೆಯೇ ನಿಲ್ಲತಕ್ಕದ್ದು.