ಎಮ್ಮಾ ಬರೆದ ಆ ಪತ್ರ

ನಾನು ರುವಾನ್ ನಗರವನ್ನು ಕಣ್ಣಾರೆ ಕಂಡವಳಲ್ಲ. ಫ್ರಾನ್ಸಿನ ನಾರ್ಮಂಡಿಯಲ್ಲಿ, ಸೇನ್ ನದಿಯ ದಂಡೆಯ ಮೇಲಿರುವ ಈ ಊರು ನನಗೆ ಪರಿಚಯವಾದದ್ದು ಗುಸ್ತಾವ್ ಫ್ಲಾಬೇರನ 'ಮದಾಂ ಬೊವಾರಿ' ಕಾದಂಬರಿಯಿಂದ. ಎರಡನೆಯ ಸಲ ಓದುವಾಗ ಊರಿನ ನಕಾಶೆಯೊಂದನ್ನು ಪಕ್ಕದಲ್ಲಿ ಬಿಡಿಸಿಟ್ಟುಕೊಂಡಿದ್ದೆ. ಕಾದಂಬರಿಯ ಎಮ್ಮಾ ಕೂಡ ಹಾಗೆಯೇ ಮಾಡುತ್ತಾಳಲ್ಲ! ಹಳ್ಳಿಯ ವೈದ್ಯನ ಹೆಂಡತಿಯಾದ ಆಕೆ ಪ್ಯಾರಿಸ್ಸಿನ ನಕಾಶೆ ತರಿಸಿಕೊಂಡು, ಅದರ ಬೀದಿಗಳ ಮೇಲೆ ಬೆರಳಾಡಿಸುತ್ತ ಕನಸು ಕಾಣುತ್ತಾಳೆ. ಪ್ಯಾರಿಸ್ ಅವಳಿಗೆ ದಕ್ಕುವುದಿಲ್ಲ. ದಕ್ಕುವುದು ರುವಾನ್ ಮಾತ್ರ.

ಫ್ಲಾಬೇರ್ ಹುಟ್ಟಿದ್ದು ಇದೇ ಊರಿನಲ್ಲಿ, 1821ರಲ್ಲಿ. ತಂದೆ ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು. ಕಾದಂಬರಿ 1856ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಾಗ ನೀತಿಗೆ, ಧರ್ಮಕ್ಕೆ ಧಕ್ಕೆ ತಂದಿತೆಂದು ಮೊಕದ್ದಮೆ ಹೂಡಿದರು. 1857ರ ಫೆಬ್ರವರಿಯಲ್ಲಿ ಅವನ ಬಿಡುಗಡೆಯಾಯಿತು. ಆಪಾದನೆಯಾಗಲಿ ಸಮರ್ಥನೆಯಾಗಲಿ, ಎಮ್ಮಾಳ ಬಗ್ಗೆ ಆ ಕೋರ್ಟಿನಲ್ಲಿ ವಾದಿಸಿದವರೆಲ್ಲ ಗಂಡಸರೇ.

ನಾನು ಹೇಳಬೇಕೆಂದಿರುವುದು ಕಾದಂಬರಿಯ ಮೂರನೆಯ ಭಾಗದ ಮೊದಲ ಅಧ್ಯಾಯದ ಬಗ್ಗೆ. ಅಷ್ಟರಲ್ಲಿ ಎಮ್ಮಾ ಒಬ್ಬನನ್ನು ನಂಬಿ, ಅವನಿಂದ ಕೈಬಿಡಲ್ಪಟ್ಟು, ಹಾಸಿಗೆ ಹಿಡಿದು ಎದ್ದಿದ್ದಾಳೆ. ಈಗ ಲಿಯೋನ್ ಎಂಬ ಹಳೆಯ ಪರಿಚಯದ ತರುಣ ರುವಾನಿನಲ್ಲಿ ಎದುರಾಗಿದ್ದಾನೆ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೆಥೆಡ್ರಲ್ಲಿನಲ್ಲಿ ಭೇಟಿಯೆಂದು ಗೊತ್ತಾಗಿದೆ. ಅವನು ಹೋದ ಮೇಲೆ ಅವಳು ಕೂತು ಉದ್ದನೆಯ ಪತ್ರ ಬರೆಯುತ್ತಾಳೆ: ಇದೆಲ್ಲ ಮುಗಿಯಿತು, ಇನ್ನು ನಾವು ಭೇಟಿಯಾಗುವುದು ಬೇಡ ಎಂದು. ಲಕೋಟೆ ಅಂಟಿಸಿದ ಮೇಲೆ ನೆನಪಾಗುತ್ತದೆ, ಅವನ ವಿಳಾಸವೇ ಗೊತ್ತಿಲ್ಲ! ಕೈಯಾರೆ ಕೊಡದೆ ಬೇರೆ ದಾರಿಯಿಲ್ಲ.

ಕೆಥೆಡ್ರಲ್ಲಿಗೆ ಬಂದವಳು ಪತ್ರವನ್ನು ಚಾಚುತ್ತಾಳೆ, ಮತ್ತೆ ಕೈ ಹಿಂದೆಳೆದುಕೊಳ್ಳುತ್ತಾಳೆ. ಮೇರಿಯಮ್ಮನ ಗುಡಿಯೊಳಗೆ ಹೋಗಿ ಮೊಣಕಾಲೂರಿ ಕೂರುತ್ತಾಳೆ. ಹೊರಡುವಾಗ ಚರ್ಚಿನ ಕಾವಲುಗಾರ ಬಂದು, ಇಲ್ಲಿನ ವಿಶೇಷಗಳನ್ನು ನೋಡುತ್ತೀರಾ ಎಂದು ವಿಚಾರಿಸುತ್ತಾನೆ. ಲಿಯೋನ್ ಬೇಡವೆಂದರೆ ಎಮ್ಮಾ ಯಾಕಾಗಬಾರದು ಅನ್ನುತ್ತಾಳೆ. ಅಲ್ಲಿಂದ ಶುರು ಅವನ ವರ್ಣನೆ. ದೊಡ್ಡ ಗಂಟೆಯ ಸುತ್ತಳತೆ, ಅದರ ತೂಕ, ದೊರೆಗಳ ಗೋರಿ, ಆಗಿನ್ನೂ ಕಟ್ಟುತ್ತಿದ್ದ ಕಬ್ಬಿಣದ ಶಿಖರದ ಎತ್ತರ. ಆ ಶಿಖರ ಪೂರ್ತಿಯಾದದ್ದು 1876ರಲ್ಲಿ. 151 ಮೀಟರಿನ ಅದು ಫ್ರಾನ್ಸಿನ ಚರ್ಚುಗಳಲ್ಲೇ ಎತ್ತರದ್ದು.

ಈ ಪ್ರಸಂಗವನ್ನು ವಿಮರ್ಶಕರು ಸಾಮಾನ್ಯವಾಗಿ ಹಾಸ್ಯವೆಂದೇ ಓದುತ್ತಾರೆ. ಅತ್ತ ಕಾವಲುಗಾರನ ಬಾಯಿಪಾಠ, ಇತ್ತ ಪ್ರೇಮಿಯ ಚಡಪಡಿಕೆ. ನಗು ಬರುವುದು ನಿಜವೇ. ಆದರೆ ಎಮ್ಮಾಳ ಕಡೆಯಿಂದ ನೋಡಿದರೆ ಇದು ಹಾಸ್ಯವಲ್ಲ. ಅವಳಿಗೆ ಬೇಕಾಗಿರುವುದು ಸ್ವಲ್ಪ ಸಮಯ. ವಿಗ್ರಹ, ಗೋರಿ, ಗಂಟೆ ಎಂದು ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಅವಳು ಜಾರದೆ ನಿಲ್ಲಲು ನೋಡುತ್ತಿದ್ದಾಳೆ. ಬೇಡ ಎಂದು ನೇರವಾಗಿ ಹೇಳಲಾಗದ ಹೆಂಗಸು ಇನ್ನೊಂದು ಮಾತು ತೆಗೆದು ಹೊತ್ತು ತಳ್ಳುವುದನ್ನು ನಾವು ಕಂಡಿಲ್ಲವೆ?

ಅಲ್ಲಿ ಅವಳು ನಿಂತು ನೋಡುವ ಒಂದು ಗೋರಿ 1531ರಲ್ಲಿ ತೀರಿಕೊಂಡ ಲೂಯಿ ದ ಬ್ರೆಜೆಯದು. ಪಕ್ಕದಲ್ಲಿ ಶೋಕಿಸುತ್ತ ಮೊಣಕಾಲೂರಿದ ವಿಧವೆ ಡಯಾನ್ ದ ಪ್ವಾಟಿಯೆ. ಈಕೆಯೇ ರಾಜ ಎರಡನೆಯ ಹೆನ್ರಿಯ ಪ್ರೇಯಸಿಯಾಗಿ ಹೆಸರಾದವಳು. ಕಲ್ಲಿನಲ್ಲಿ ಪತಿವ್ರತೆ, ಚರಿತ್ರೆಯಲ್ಲಿ ಪ್ರೇಯಸಿ. ರಾಣಿವಾಸಕ್ಕೆ ಒಪ್ಪಿದ್ದು ವೈದ್ಯನ ಹೆಂಡತಿಗೆ ಒಪ್ಪುವುದಿಲ್ಲವೆನ್ನುವುದನ್ನು ಫ್ಲಾಬೇರ್ ಬಾಯಿಬಿಟ್ಟು ಹೇಳದೆ ತೋರಿಸಿಬಿಟ್ಟಿದ್ದಾನೆ.

ಲಿಯೋನ್ ಕಾವಲುಗಾರನಿಗೆ ದುಡ್ಡು ಕೊಟ್ಟು ಅವಳನ್ನು ಹೊರಗೆ ಕರೆತರುತ್ತಾನೆ. ಬಾಡಿಗೆ ಗಾಡಿ ಬರುತ್ತದೆ. ಅವಳು ಹಿಂಜರಿಯುತ್ತಾಳೆ. ಪ್ಯಾರಿಸ್ಸಿನಲ್ಲಿ ಹೀಗೇ ಮಾಡುತ್ತಾರೆ ಎಂದು ಅವನು ಅಂದದ್ದೇ ತಡ, ಅವಳು ಹತ್ತಿಬಿಡುತ್ತಾಳೆ. ರುವಾನಿನ ಇಷ್ಟೊಂದು ಕಲ್ಲುಗಳು ತಡೆದು ನಿಲ್ಲಿಸಿದವಳನ್ನು ಪ್ಯಾರಿಸ್ಸಿನ ಹೆಸರೊಂದು ಸೋಲಿಸಿತು! ಆ ನಕಾಶೆಯ ಮೇಲೆ ಓಡಿದ ಬೆರಳು ಇಲ್ಲಿ ನೆನಪಾಗದಿರದು.

ಆಮೇಲಿನದು ಪ್ರಸಿದ್ಧವಾದ ಗಾಡಿಯ ಪ್ರಸಂಗ. ಧಾರಾವಾಹಿ ಪ್ರಕಟಿಸಿದವರೇ ಹೆದರಿ ಅದನ್ನು ಕತ್ತರಿಸಿದ್ದರು. ಪರದೆ ಎಳೆದ ಗಾಡಿ ನಾಟಕಕಾರ ಕಾರ್ನೇಯ ಪ್ರತಿಮೆ, ಸೇನ್ ದಂಡೆ, ಸಸ್ಯೋದ್ಯಾನ, ಸ್ಮಶಾನ ಎಂದು ಇಡೀ ಊರು ಸುತ್ತುತ್ತದೆ. ಒಳಗಿನ ಒಂದು ಮಾತೂ ನಮಗೆ ಕೇಳುವುದಿಲ್ಲ. ನಡುವೆ ಒಮ್ಮೆ ಒಂದು ಕೈ ಹೊರಬಂದು ಹರಿದ ಕಾಗದದ ಚೂರುಗಳನ್ನು ಗಾಳಿಗೆ ತೂರುತ್ತದೆ. ಅದೇ ಆ ಪತ್ರ.

ಇದನ್ನು ಎಲ್ಲರೂ ಫ್ಲಾಬೇರನ ಕಲೆಗಾರಿಕೆಯೆಂದು ಹೊಗಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೂ ನನ್ನದೊಂದು ತಕರಾರು ಇದೆ. ಚರ್ಚಿನೊಳಗೆ ಅವಳ ಮನಸ್ಸಿಗೆ ಅಷ್ಟು ಹತ್ತಿರವಿದ್ದ ಲೇಖಕ, ಅವಳು ತನ್ನ ನಿರಾಕರಣೆಯನ್ನೇ ಹರಿಯುವ ಹೊತ್ತಿಗೆ ಬೀದಿಯಲ್ಲಿ ನಿಂತ ದಾರಿಹೋಕನಾಗಿಬಿಡುತ್ತಾನೆ. ಅವಳು ಒಪ್ಪಿ ಹರಿದಳೋ, ಸೋತು ಹರಿದಳೋ? ಆ ಪತ್ರವನ್ನು ಲಿಯೋನ್ ಓದಲಿಲ್ಲ. ಓದುಗರಿಗೂ ಅದರ ಸಾರಾಂಶವಷ್ಟೇ ಸಿಕ್ಕಿತು.

ಇದೇ ಊರಿನಲ್ಲಿ 1431ರಲ್ಲಿ ಹತ್ತೊಂಬತ್ತರ ಆಸುಪಾಸಿನ ಇನ್ನೊಬ್ಬ ಹುಡುಗಿಯ ವಿಚಾರಣೆ ನಡೆದಿತ್ತು. ಜೋನ್ ಆಫ್ ಆರ್ಕ್. ಮೇ 30ರಂದು ಹಳೆ ಮಾರುಕಟ್ಟೆಯ ಚೌಕದಲ್ಲಿ ಅವಳನ್ನು ಸುಟ್ಟು, ಬೂದಿಯನ್ನು ಸೇನ್ ನದಿಗೆ ಎಸೆದರು. 1456ರಲ್ಲಿ ಅದೇ ರುವಾನಿನಲ್ಲಿ ಆ ತೀರ್ಪನ್ನು ರದ್ದು ಮಾಡಿದರು. 1979ರಲ್ಲಿ ಆ ಚೌಕದಲ್ಲಿ ಅವಳ ಹೆಸರಿನ ಚರ್ಚು ಎದ್ದಿತು. ಕೆಥೆಡ್ರಲ್ಲಿನಿಂದ ಅಲ್ಲಿಗೆ ನಕಾಶೆಯಲ್ಲಿ ಬೆರಳಿಟ್ಟರೆ ದೊಡ್ಡ ಗಡಿಯಾರದ ಬೀದಿಯೊಂದೇ ಅಂತರ.

ಓದು ಬರದ ಜೋನ್ ಕೊಟ್ಟ ಉತ್ತರಗಳನ್ನು ಅವಳನ್ನು ಕೊಲ್ಲಲು ಕೂತವರ ಗುಮಾಸ್ತರೇ ದಿನದಿನವೂ ಬರೆದಿಟ್ಟರು. ಅವು ಇಂದಿಗೂ ಉಳಿದಿವೆ. ಓದು ಬರಹ ಬಲ್ಲ, ಕಾದಂಬರಿಗಳನ್ನು ಹಚ್ಚಿಕೊಂಡಿದ್ದ ಎಮ್ಮಾ ರಾತ್ರಿ ಕೂತು ಬರೆದ ಪತ್ರದ ಒಂದು ಸಾಲೂ ನಮಗೆ ಸಿಕ್ಕುವುದಿಲ್ಲ. ಅವಳನ್ನು ಸೃಷ್ಟಿಸಿ, ಅವಳಿಗಾಗಿ ಕಟಕಟೆ ಹತ್ತಿದವನೇ ಅದನ್ನು ನಮ್ಮಿಂದ ಮುಚ್ಚಿಟ್ಟ.

ಆ ಅಧ್ಯಾಯಕ್ಕೆ ಬಂದಾಗಲೆಲ್ಲ ಕಾವಲುಗಾರ ಇನ್ನೊಂದಿಷ್ಟು ಮಾತಾಡಬಾರದಿತ್ತೆ ಎನ್ನಿಸುತ್ತದೆ. ತೋರಿಸುವುದಕ್ಕೆ ಆ ಊರಿನಲ್ಲಿ ಇನ್ನೂ ಬೇಕಾದಷ್ಟಿತ್ತು.