ನೋಡುವುದಕ್ಕೆಂದೇ ಹುಟ್ಟಿದ ಪರದೆ

2004ರಲ್ಲಿ ಬಂದ, ಫೋಟೊಗಳನ್ನು ಕೂಡಿಟ್ಟು ನೋಡುವ ಸಾಧನವಾದ ಎಪ್ಸನ್ ಪಿ-2000 ಅನ್ನು ಇವತ್ತು ಕೈಗೆತ್ತಿಕೊಂಡರೂ ಅದನ್ನು ರೂಪಿಸಿದವರ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ. ಆ ಕಾಲದ ಕ್ಯಾಮೆರಾ ಬೆನ್ನಿನ ಪರದೆ ಎರಡು ಇಂಚು ಇದ್ದರೆ ಹೆಚ್ಚು. ಫೋಕಸ್ ಕೂತಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣು ಕಿರಿದಾಗಿಸಿ ತಡಕಾಡಬೇಕಿತ್ತು. ಪಿ-2000ರದ್ದು 3.8 ಇಂಚು, ಅಷ್ಟು ಜಾಗದಲ್ಲೇ ಅಡ್ಡಕ್ಕೆ 640, ಉದ್ದಕ್ಕೆ 480 ಪಿಕ್ಸೆಲ್. ಇಂಚಿಗೆ ಇನ್ನೂರಕ್ಕೂ ಹೆಚ್ಚು! ಹಕ್ಕಿಯ ಕಣ್ಣೊಳಗಿನ ಬೆಳಕಿನ ಚುಕ್ಕೆ, ಜರಿಯಂಚಿನ ಒಂದೊಂದು ಎಳೆ, ಮುಸ್ಸಂಜೆ ಆಕಾಶದಲ್ಲಿ ಕಿತ್ತಳೆ ನೀಲಿಗೆ ಇಳಿಯುವ ಬಗೆ, ಎಲ್ಲವೂ ಅಚ್ಚು ಹಾಕಿದ ಫೋಟೊದಂತೆ ಕಾಣುತ್ತವೆ. ಜೂಮ್ ಮಾಡಿದರೆ ರೆಪ್ಪೆಯ ಕೂದಲೂ ಲೆಕ್ಕಕ್ಕೆ ಸಿಗುತ್ತದೆ.

ಕ್ಯಾಮೆರಾದ ಕಾರ್ಡು ತುಂಬಿತೇ? ಕಂಪ್ಯೂಟರೂ ಬೇಡ, ಕೇಬಲ್ಲೂ ಬೇಡ. ಕಾಂಪ್ಯಾಕ್ಟ್ ಫ್ಲ್ಯಾಶ್, ಎಸ್‌ಡಿ ಎರಡಕ್ಕೂ ಬಾಯಿ ಇದೆ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ 50 ರಂಧ್ರಗಳು ಒಳಗಿನ 50 ಸೂಜಿಗಳ ಮೇಲೆ ಮೆತ್ತಗೆ ಕೂರುವಾಗ ಬೆರಳಿಗೆ ತಾಗುವ ಆ ಸಣ್ಣ ಬಿಗಿ ನನಗೆ ತುಂಬಾ ಇಷ್ಟ. ಆಮೇಲೆ 40 ಜಿಬಿಯ ಹಾರ್ಡ್ ಡಿಸ್ಕ್ ತಿರುಗತೊಡಗುತ್ತದೆ. ಅಂಗೈಗೆ ನವಿರಾದ ಕಂಪನ. ಚಿತ್ರಗಳು ಮೂಲ ಗಾತ್ರದಲ್ಲೇ ಒಳಗಿಳಿಯುತ್ತವೆ. ವಿಡಿಯೊ, ಹಾಡುಗಳನ್ನೂ ನುಡಿಸುತ್ತದೆ. ಟಿವಿಗೆ ಜೋಡಿಸಿದರೆ ಮನೆಮಂದಿಯೆಲ್ಲ ಕೂತು ನೋಡಬಹುದು.

ಇಂದು ಇಂಥದ್ದೇ ಸಾಧನ ಕೊಳ್ಳುವವರು ಜಿಬಿ ಎಣಿಸುವ ಮುನ್ನ ಪರದೆಯನ್ನು ನೋಡಿ. ಕಾರ್ಡ್ ನೇರವಾಗಿ ಒಳಹೋಗುವುದೇ ಎಂದು ಕೇಳಿ. ಯಾವುದನ್ನೇ ಕೊಂಡರೂ ಫೋಟೊಗಳ ಇನ್ನೊಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ.