ಹೆದರಿಕೆಯ ಎರಡು ನಿಮಿಷ: ಭಯಾನಕ ಚಿತ್ರಗಳ ಟ್ರೇಲರ್‌ಗಳನ್ನು ಅಳೆದು ನೋಡಿದಾಗ

ಮುಂದೆ ಬಿಡುಗಡೆಯಾಗಲಿರುವ ಚಲನಚಿತ್ರದ ಪ್ರಚಾರಕ್ಕೆಂದು ತಯಾರಿಸುವ ಕಿರುತುಣುಕನ್ನು ಟ್ರೇಲರ್ ಎನ್ನುತ್ತೇವೆ. ಮೂಲದಲ್ಲಿ ಈ ತುಣುಕುಗಳನ್ನು ಪ್ರದರ್ಶನದ ಕೊನೆಯಲ್ಲಿ ಬಾಲದಂತೆ ಜೋಡಿಸಿ ತೋರಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಈಗ ಅದು ಚಿತ್ರಕ್ಕಿಂತ ಮೊದಲೇ, ಚಿತ್ರಮಂದಿರದಲ್ಲೂ ಮೊಬೈಲ್ ಫೋನಿನಲ್ಲೂ ನಮ್ಮನ್ನು ತಲಪುತ್ತದೆ. ಅದರಲ್ಲೂ ಭಯಾನಕ ಚಿತ್ರಗಳ ಟ್ರೇಲರ್‌ಗಳನ್ನು ವಿದ್ಯಾರ್ಥಿಗಳು ಪಂದ್ಯ ಕಟ್ಟಿದವರಂತೆ ನೋಡುತ್ತಾರೆ. ಎರಡೂವರೆ ನಿಮಿಷದೊಳಗೆ, ಕಥೆ ತಿಳಿಯದ, ಪಾತ್ರಗಳ ಪರಿಚಯವಿಲ್ಲದ ವೀಕ್ಷಕನ ಎದೆಬಡಿತವನ್ನು ಏರಿಸುವುದು ಹೇಗೆ? ಇದು ಕಲೆಯ ಪ್ರಶ್ನೆ ಹೌದು. ಆದರೆ ಬೆಳಕು, ಶಬ್ದ ಮತ್ತು ಕಾಲಗಳ ಪ್ರಶ್ನೆಯೂ ಹೌದು. ಆದ್ದರಿಂದ ಅಳೆದು ನೋಡಲು ಬರುತ್ತದೆ. ಹಾಗೆ ಅಳೆದಾಗ ಒಳ್ಳೆಯ ಟ್ರೇಲರ್ ಯಾವುದು, ಕೇವಲ ಗದ್ದಲ ಮಾಡುವ ಟ್ರೇಲರ್ ಯಾವುದು ಎಂಬುದೂ ಸ್ಪಷ್ಟವಾಗುತ್ತದೆ ಎಂಬುದು ಈ ಲೇಖನದ ವಾದ.

ಬೆಚ್ಚುವುದು ಬೇರೆ, ಹೆದರುವುದು ಬೇರೆ

ಮೊದಲಿಗೆ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಿಂದಿನಿಂದ ಯಾರೋ ಬಾಗಿಲನ್ನು ಧಡಾರನೆ ಹಾಕಿದರೆ ನಾವು ಬೆಚ್ಚಿಬೀಳುತ್ತೇವೆ. ಇದು ಪರಾವರ್ತಿತ ಪ್ರತಿಕ್ರಿಯೆ. ಶಬ್ದ ಜೋರಾಗಿದ್ದರಷ್ಟೇ ಸಾಲದು. ಅದು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ತನ್ನ ಪೂರ್ಣ ತೀವ್ರತೆಗೆ ಏರಬೇಕು. ಅದೇ ಶಬ್ದ ನಿಧಾನವಾಗಿ ಏರಿದರೆ ಬೆಚ್ಚುವುದಿಲ್ಲ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ನಮ್ಮನ್ನು ಬೆಚ್ಚಿಸುವುದರಲ್ಲಿ ತೀವ್ರತೆಯ ಬೆಲೆಯಷ್ಟೇ ಪಾತ್ರ ಅದರ ಬದಲಾವಣೆಯ ದರಕ್ಕೂ ಇದೆ. ಶಬ್ದ ಕಿವಿ ಮುಟ್ಟಿದ ಸುಮಾರು 30ರಿಂದ 50 ಮಿಲಿಸೆಕೆಂಡ್‌ಗಳಲ್ಲಿ ಕಣ್ಣಿನ ಸುತ್ತಲ ಸ್ನಾಯು ಸಂಕುಚಿಸತೊಡಗುತ್ತದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು. ಎಂದರೆ ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡ್. ಹೀಗಾಗಿ ಅಬ್ಬರದ ಶಬ್ದದೊಡನೆ ವಿಕಾರ ಮುಖವೊಂದು ತೆರೆಯ ಮೇಲೆ ಹಾರಿ ಬಂದಾಗ, ಒಂದು ಫ್ರೇಮ್ ಮುಗಿಯುವಷ್ಟರಲ್ಲಿ ದೇಹ ಪ್ರತಿಕ್ರಿಯೆಯನ್ನು ಆರಂಭಿಸಿಬಿಟ್ಟಿರುತ್ತದೆ. ಮುಖ ಯಾರದೆಂದು ತಿಳಿಯುವ ಮೊದಲೇ ನಾವು ಬೆಚ್ಚಿಯಾಗಿರುತ್ತದೆ. ಆ ಜಾಗದಲ್ಲಿ ಹೂಕುಂಡದ ಚಿತ್ರವಿದ್ದರೂ ಬೆಚ್ಚುತ್ತಿದ್ದೆವು!

ಹೆದರಿಕೆಯ ಬಿಗಿತ ಇದಕ್ಕಿಂತ ಭಿನ್ನ. ಅದಕ್ಕೆ ಕಾಲಾವಕಾಶ ಬೇಕು, ಮುಂದೇನೋ ಆಗಲಿದೆ ಎಂಬ ಅರಿವು ಬೇಕು. ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದ. ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಕೆಲವು ಸೆಕೆಂಡುಗಳ ಆಘಾತ. ಬಾಂಬು ಇರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ, ಅವರ ಸಾಧಾರಣ ಹರಟೆಯೂ ಹಲವು ನಿಮಿಷಗಳ ಕಾತರವಾಗುತ್ತದೆ. ಸ್ಫೋಟ ಎರಡರಲ್ಲೂ ಒಂದೇ. ವ್ಯತ್ಯಾಸ ಮಾಹಿತಿಯ ಹಂಚಿಕೆಯಲ್ಲಿ.

ಮೂರು ಮಾದರಿಗಳು

ಹಿಚ್‌ಕಾಕ್ ತನ್ನ ‘ಸೈಕೋ’ (1960) ಚಿತ್ರದ ಟ್ರೇಲರಿನಲ್ಲಿ ಇದನ್ನೇ ಮಾಡಿದ್ದಾನೆ. ಆರು ನಿಮಿಷಕ್ಕೂ ಮೀರಿದ ಈ ತುಣುಕಿನಲ್ಲಿ ಸ್ವತಃ ಆತನೇ ಪ್ರವಾಸಿ ಮಾರ್ಗದರ್ಶಿಯಂತೆ ನಮ್ಮನ್ನು ಚಿತ್ರದ ಮೋಟೆಲ್ ಹಾಗೂ ಅದರ ಪಕ್ಕದ ಮನೆಗೆ ಕರೆದೊಯ್ಯುತ್ತಾನೆ. ಹಿನ್ನೆಲೆಯಲ್ಲಿ ಲಘುವಾದ ಸಂಗೀತ. ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಎನ್ನುತ್ತಾ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ತೋರಿಸುವುದೆಲ್ಲ ಖಾಲಿ ಕೋಣೆಗಳೇ. ಕೊನೆಗೆ ಸ್ನಾನದ ಮನೆಯ ಪರದೆಯನ್ನು ಸರಿಸಿದಾಗ ಮಾತ್ರ ಒಂದು ಚೀತ್ಕಾರ ಮತ್ತು ಬರ್ನಾರ್ಡ್ ಹರ್ಮನ್‌ನ ಪಿಟೀಲುಗಳ ಕಿರಿಚು. ಅಲ್ಲಿ ಕಿರುಚುವವಳು ಚಿತ್ರದಲ್ಲಿ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅಲ್ಲ, ಇನ್ನೊಬ್ಬ ನಟಿ ವೆರಾ ಮೈಲ್ಸ್ ಎಂಬುದು ಸ್ವಾರಸ್ಯದ ಸಂಗತಿ. ಆರು ನಿಮಿಷದಲ್ಲಿ ಬೆಚ್ಚಿಸುವುದು ಒಮ್ಮೆ ಮಾತ್ರ. ಆದರೆ ಅದಕ್ಕೆ ಮೊದಲಿನ ಪ್ರತಿ ಬಾಗಿಲೂ ಆ ಒಂದು ಕ್ಷಣಕ್ಕೆ ಕಾಯುವಂತೆ ಮಾಡಿದೆ.

ಎರಡನೆಯದು ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಶೈನಿಂಗ್’ (1980). ವೇಗವಾದ ಸಂಕಲನವಿಲ್ಲದೆ ಭಯವಿಲ್ಲ ಎನ್ನುವವರಿಗೆ ಇದು ಪ್ರತ್ಯುತ್ತರ. ಈ ಟ್ರೇಲರಿನಲ್ಲಿ ಒಂದೇ ಶಾಟ್. ಒಂದೂ ಕಟ್ ಇಲ್ಲ. ಹೋಟೆಲಿನ ಹಜಾರ, ಎದುರಿಗೆ ಮುಚ್ಚಿದ ಲಿಫ್ಟ್ ಬಾಗಿಲುಗಳು, ಅಲುಗಾಡದ ಕ್ಯಾಮೆರಾ. ತೆರೆಯ ಮೇಲೆ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆ. ವೆಂಡಿ ಕಾರ್ಲೋಸ್ ಮತ್ತು ರೇಚೆಲ್ ಎಲ್‌ಕಿಂಡ್ ಅವರ ಸಂಗೀತ ಕೀಟಗಳ ಝೇಂಕಾರದಂತೆ ದಟ್ಟವಾಗುತ್ತ ಹೋಗುತ್ತದೆ. ಚಿತ್ರದಲ್ಲಿ ಏನೂ ಬದಲಾಗದಿರುವಾಗ ಶಬ್ದ ಮಾತ್ರ ಏರುತ್ತಿದ್ದರೆ, ಕಣ್ಣು ಕಾರಣವನ್ನು ಹುಡುಕತೊಡಗುತ್ತದೆ. ಆಗ ಬಾಗಿಲ ಸಂದಿಯಿಂದ ರಕ್ತದ ಪ್ರವಾಹ ನುಗ್ಗಿ, ಪೀಠೋಪಕರಣಗಳನ್ನು ತಳ್ಳಿಕೊಂಡು ಬಂದು ಕ್ಯಾಮೆರಾದ ಮಸೂರವನ್ನೇ ಮುಚ್ಚುತ್ತದೆ.

ಈ ಪ್ರವಾಹ ನಿಧಾನಗತಿಯಲ್ಲಿದೆ. ಅದರ ಪರಿಣಾಮವನ್ನು ಪಿಯುಸಿ ಭೌತವಿಜ್ಞಾನದಿಂದಲೇ ವಿವರಿಸಬಹುದು. ಎತ್ತರ h ಇರುವಲ್ಲಿಂದ ಬೀಳಲು ಬೇಕಾದ ಕಾಲ h ನ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 2.5 ಮೀಟರ್ ಬೀಳಲು ಸುಮಾರು 0.7 ಸೆಕೆಂಡ್, 10 ಮೀಟರ್ ಬೀಳಲು ಸುಮಾರು 1.4 ಸೆಕೆಂಡ್. ಆದ್ದರಿಂದ ಸೆಕೆಂಡಿಗೆ 48 ಫ್ರೇಮ್‌ಗಳಂತೆ ಚಿತ್ರಿಸಿ 24ರಂತೆ ತೋರಿಸಿದರೆ 2.5 ಮೀಟರಿನ ಪತನ 10 ಮೀಟರಿನದಾಗಿ ಕಾಣುತ್ತದೆ. ಬೀಳುವ ನೀರನ್ನು ಜೀವಮಾನವಿಡೀ ಕಂಡಿರುವ ನಮ್ಮ ಮಿದುಳು, ಬೀಳುವ ಕಾಲದಿಂದಲೇ ಗಾತ್ರವನ್ನು ಊಹಿಸುತ್ತದೆ. ಒಂದು ಹಜಾರದ ದ್ರವಕ್ಕೆ ಅಣೆಕಟ್ಟು ಒಡೆದಂಥ ಭಾರ ಬರುವುದು ಹೀಗೆ.

ಮೂರನೆಯದು ರಿಡ್ಲಿ ಸ್ಕಾಟ್‌ನ ‘ಏಲಿಯನ್’ (1979). ಮಾತಿಲ್ಲ, ನಿರೂಪಕನ ಧ್ವನಿಯೂ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಶೀರ್ಷಿಕೆ ಚೂರುಚೂರಾಗಿ ರೂಪುಗೊಳ್ಳುತ್ತದೆ. ಒಂದು ಮೊಟ್ಟೆ ಕಾಣಿಸುತ್ತದೆ, ಅದು ಬಿರಿಯುತ್ತದೆ, ಬಿರುಕಿನಿಂದ ಬೆಳಕು ಹೊಮ್ಮುತ್ತದೆ. ಸಾಮಾನ್ಯವಾಗಿ ಬೆಳಕು ವಸ್ತುವಿನ ಮೇಲೆ ಹೊರಗಿನಿಂದ ಬೀಳುತ್ತದೆ. ಇಲ್ಲಿ ವಸ್ತುವಿನ ಒಳಗೇ ಬೆಳಕಿದೆ. ಅಂದರೆ ಒಳಗೆ ಏನೋ ಇದೆ. ಅನಂತರ ಶಾಟ್‌ಗಳು ಒಂದರ ಮೇಲೊಂದು ನುಗ್ಗುತ್ತವೆ: ಓಡುವ ಕಾಲುಗಳು, ಮಿನುಗುವ ದೀಪಗಳು, ಬೆದರಿದ ಮುಖಗಳು. ಸೈರನ್‌ನಂಥ ಚೀರುಧ್ವನಿ ಮತ್ತೆ ಮತ್ತೆ ಅಪ್ಪಳಿಸುತ್ತದೆ. ಯಾರು ಯಾರಿಂದ ಓಡುತ್ತಿದ್ದಾರೆ ಎಂಬುದು ಕೊನೆಗೂ ತಿಳಿಯುವುದಿಲ್ಲ. ನಾವು ಒಂದು ಶಾಟನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಇಲ್ಲಿ ವೇಗವಾದ ಸಂಕಲನದ ಕೆಲಸ ಮಾಹಿತಿಯನ್ನು ಕೊಡುವುದಲ್ಲ, ತಡೆಹಿಡಿಯುವುದು.

ಬಾಹ್ಯಾಕಾಶದಲ್ಲಿ ಚೀರಿದರೆ ಯಾರಿಗೂ ಕೇಳಿಸದು ಎಂಬ ಅರ್ಥದ ಆ ಟ್ರೇಲರಿನ ಅಂತಿಮ ವಾಕ್ಯ ಪ್ರಸಿದ್ಧವಾಗಿದೆ. ಶಬ್ದದ ಪ್ರಸಾರಕ್ಕೆ ಮಾಧ್ಯಮ ಬೇಕು ಎಂಬುದನ್ನು ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಾಯುವನ್ನು ಹೊರತೆಗೆದ ಗಾಜಿನ ಪಾತ್ರೆಯಿಂದ ತೋರಿಸಿದ್ದ. ನಮ್ಮ ಪ್ರಯೋಗಾಲಯಗಳ ಗಂಟೆಜಾಡಿ ಅದರ ವಂಶದ್ದೇ. ಕಟ್ಟುನಿಟ್ಟಾಗಿ ನೋಡಿದರೆ, ನೌಕೆಯೊಳಗೆ ಗಾಳಿಯಿದೆ, ಸಹಯಾತ್ರಿಗೆ ಚೀತ್ಕಾರ ಕೇಳಿಸುತ್ತದೆ. ಆದರೆ ನೌಕೆಯ ಗೋಡೆಯಾಚೆ ನಿರ್ವಾತ. ಸಹಾಯಕ್ಕೆ ಬರುವವರಾರೂ ಇಲ್ಲ ಎಂಬುದನ್ನು ಒಂದು ಭೌತನಿಯಮವೇ ಹೇಳುತ್ತಿದೆ. ಸುಳ್ಳು ಹೇಳದೆ ಹೆದರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮೌನದಿಂದ ಕೊಂಡ ಗದ್ದಲ

ಇನ್ನು ಇತ್ತೀಚಿನ ದಶಕಗಳ ಸಿದ್ಧಸೂತ್ರಕ್ಕೆ ಬರೋಣ. ನೀವೂ ಗಮನಿಸಿರಬಹುದು: ಕತ್ತಲ ಕೋಣೆ, ಗಡಿಯಾರದ ಟಿಕ್ ಟಿಕ್, ಸಂಪೂರ್ಣ ಮೌನ, ಇದ್ದಕ್ಕಿದ್ದಂತೆ ಅಬ್ಬರ, ಕಪ್ಪು ತೆರೆ, ಶೀರ್ಷಿಕೆ. ಶೀರ್ಷಿಕೆ ಬಂದಿತು, ಮುಗಿಯಿತು ಎಂದುಕೊಂಡಾಗ ಮತ್ತೊಂದು ಅಬ್ಬರ. ಇಷ್ಟೊಂದು ಟ್ರೇಲರ್‌ಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಲು ಕಾರಣವೇನು? ಅನುಕರಣೆ ಒಂದು ಕಾರಣ. ಅಳತೆಯ ವಿಧಾನವೂ ಇದಕ್ಕೆ ಅನುಕೂಲವಾಗಿದೆ ಎಂದು ನನಗನ್ನಿಸುತ್ತದೆ.

ಟ್ರೇಲರ್‌ಗಳ ಗದ್ದಲದ ಬಗ್ಗೆ ಪ್ರೇಕ್ಷಕರಿಂದ ದೂರುಗಳು ಬಂದಾಗ ಅಮೆರಿಕದ ಚಿತ್ರೋದ್ಯಮ ಒಂದು ಮಿತಿಯನ್ನು ಒಪ್ಪಿಕೊಂಡಿತು. ಅದು 85 ಡೆಸಿಬೆಲ್. ಆದರೆ ಇದು ಗರಿಷ್ಠ ಮಟ್ಟವಲ್ಲ, ಇಡೀ ಟ್ರೇಲರಿನ ಅವಧಿಯ ಮೇಲೆ ತೆಗೆದ ಶಕ್ತಿಯ ಸರಾಸರಿ. ಲೆಕ್ಕ ಹಾಕಿ ನೋಡೋಣ. ಟ್ರೇಲರಿನ ಅವಧಿ 150 ಸೆಕೆಂಡ್ ಇರಲಿ. ಉದ್ದಕ್ಕೂ ಸಮನಾದ ಶಬ್ದವಿದ್ದರೆ 85 ಡೆಸಿಬೆಲ್ ದಾಟುವಂತಿಲ್ಲ. 135 ಸೆಕೆಂಡ್ ಬಹುಪಾಲು ಮೌನವಾಗಿದ್ದು, ಶಕ್ತಿಯೆಲ್ಲ ಉಳಿದ 15 ಸೆಕೆಂಡ್‌ಗಳಲ್ಲಿ ಸೇರಿದರೆ ಅಲ್ಲಿ ತೀವ್ರತೆ ಹತ್ತು ಪಟ್ಟು ಆಗಬಹುದು. ಅಂದರೆ 95 ಡೆಸಿಬೆಲ್. ಒಂದೂವರೆ ಸೆಕೆಂಡಿಗೆ ಇಳಿಸಿದರೆ ನೂರು ಪಟ್ಟು, 105 ಡೆಸಿಬೆಲ್. ಸರಾಸರಿ ಮಾತ್ರ ಅದೇ 85! ಮೌನ ಇಲ್ಲಿ ಕಲೆಯಷ್ಟೇ ಅಲ್ಲ, ಉಳಿತಾಯ ಖಾತೆಯೂ ಹೌದು. ಜೊತೆಗೆ, ಈ ಅಳತೆಯಲ್ಲಿ ಕಿವಿಗೆ ಕಿರಿಕಿರಿ ಮಾಡುವ ಕೆಲವು ಸಾವಿರ ಹರ್ಟ್ಸ್‌ನ ಧ್ವನಿಗಳಿಗೆ ಹೆಚ್ಚು ತೂಕ, ಮಂದ್ರ ಧ್ವನಿಗಳಿಗೆ ಕಡಿಮೆ ತೂಕ. ಹಾಗಾಗಿ ಚಿತ್ರಮಂದಿರದ ಆಸನವನ್ನೇ ನಡುಗಿಸುವ ‘ಧೂಂ’ ಶಬ್ದ ಲೆಕ್ಕದಲ್ಲಿ ಅಗ್ಗ.

ಇದೇ ‘ಧೂಂ’ ಮೊಬೈಲಿನಲ್ಲಿ ಕೇಳಿಸುವುದಿಲ್ಲ. 20 ಹರ್ಟ್ಸ್ ಶಬ್ದದ ತರಂಗದೂರ ಸುಮಾರು 17 ಮೀಟರ್. ಚಿಕ್ಕ ಸ್ಪೀಕರಿನಿಂದ ಅಷ್ಟೇ ಒತ್ತಡದ ಶಬ್ದ ಹೊರಡಬೇಕಾದರೆ, ಆವೃತ್ತಿ ಅರ್ಧಕ್ಕಿಳಿದಂತೆ ಅದರ ಪೊರೆ ನಾಲ್ಕು ಪಟ್ಟು ದೂರ ಚಲಿಸಬೇಕು. ಫೋನಿನ ದಪ್ಪದಲ್ಲಿ ಅದಕ್ಕೆ ಜಾಗವಿಲ್ಲ. ಹೀಗಾಗಿ ಶಬ್ದದ ಅಬ್ಬರವನ್ನೇ ನಂಬಿದ ಟ್ರೇಲರ್ ಫೋನಿನಲ್ಲಿ ಸಪ್ಪೆಯಾಗುತ್ತದೆ. ‘ದಿ ಶೈನಿಂಗ್’ನ ಲಿಫ್ಟ್ ಬಾಗಿಲುಗಳು ಅಲ್ಲಿಯೂ ಕೆಲಸ ಮಾಡುತ್ತವೆ.

ಶಬ್ದ ಕ್ರಮೇಣ ಏರುವುದಕ್ಕೂ ತನ್ನದೇ ಬಲವಿದೆ. ಸಮಪ್ರಮಾಣದಲ್ಲಿ ಏರುವ ಮತ್ತು ಇಳಿಯುವ ಶಬ್ದಗಳನ್ನು ಕೇಳಿಸಿದಾಗ, ಜನರು ಏರುವ ಶಬ್ದದಲ್ಲಿ ಹೆಚ್ಚು ಬದಲಾವಣೆಯಾಯಿತೆಂದು ಅಂದಾಜಿಸುತ್ತಾರೆ ಎಂದು ಜಾನ್ ನ್ಯೂಹಾಫ್ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ. ಏರುವ ಶಬ್ದ ಹತ್ತಿರ ಬರುತ್ತಿರುವ ವಸ್ತುವಿನ ಸೂಚನೆಯಾಗಬಹುದಾದ್ದರಿಂದ ಈ ಪಕ್ಷಪಾತ ಜೀವಿಗೆ ಲಾಭದಾಯಕ ಎಂಬುದು ಅದರ ವಿವರಣೆ. ಒಳ್ಳೆಯ ಟ್ರೇಲರ್ ಈ ಗುಣವನ್ನು ಬಳಸುತ್ತದೆ. ಸಿದ್ಧಸೂತ್ರದ ಟ್ರೇಲರ್ ಏರುವಿಕೆಗೆ ಕಾಯದೆ ನೇರವಾಗಿ ಸ್ಫೋಟಕ್ಕೆ ಹಾರುತ್ತದೆ.

ಸೂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಬೆಚ್ಚಿಸುವುದು ಅಪರಾಧವೇನಲ್ಲ, ಹಿಚ್‌ಕಾಕ್ ಕೂಡ ಕೊನೆಗೆ ಬೆಚ್ಚಿಸಿಯೇ ಕಳುಹಿಸಿದ. ಮೊದಲೇ ಆತಂಕದಲ್ಲಿರುವವನು ಹೆಚ್ಚು ಬೆಚ್ಚುತ್ತಾನೆ ಎಂಬುದೂ ಪ್ರಯೋಗಗಳಿಂದ ತಿಳಿದ ಸತ್ಯ. ಆದರೆ ಪದೇ ಪದೇ ಬಂದ ಪ್ರಚೋದನೆಗೆ ಈ ಪ್ರತಿಕ್ರಿಯೆ ಕ್ಷೀಣಿಸುತ್ತದೆ. ಮೂರನೆಯ ಅಬ್ಬರ ಮೊದಲನೆಯದರಷ್ಟು ಬೆಚ್ಚಿಸದು. ಆಗ ತಯಾರಕನಿಗೆ ಉಳಿಯುವ ದಾರಿ ಇನ್ನಷ್ಟು ಜೋರು ಮಾಡುವುದೊಂದೇ. ಅದಕ್ಕೆ ಕೊನೆಯಿಲ್ಲ. ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯ 2009ರ ಟ್ರೇಲರ್ ಇನ್ನೊಂದು ದಾರಿ ಹಿಡಿಯಿತು: ಕತ್ತಲ ಚಿತ್ರಮಂದಿರದಲ್ಲಿ ಬೆಚ್ಚಿ ಕುಳಿತ ಪ್ರೇಕ್ಷಕರನ್ನೇ ಚಿತ್ರಿಸಿ ತೋರಿಸಿತು. ಜಾಣತನವೇನೋ ಹೌದು. ಆದರೆ ನೀವು ಹೆದರಬೇಕು, ಏಕೆಂದರೆ ಅವರು ಹೆದರಿದ್ದಾರೆ ಎಂಬುದು ಸಾಕ್ಷ್ಯವಲ್ಲ, ಶಿಫಾರಸು.

ತರಗತಿಯಲ್ಲಿ ಮಾಡಬಹುದಾದದ್ದು

ಅಧ್ಯಾಪಕರು ಇದನ್ನು ಸುಲಭವಾದ ಚಟುವಟಿಕೆಯಾಗಿಸಬಹುದು. ಮಕ್ಕಳ ವಯಸ್ಸಿಗೆ ತಕ್ಕ ಒಂದು ಟ್ರೇಲರನ್ನು ಆರಿಸಿ. ಮೊದಲು ಶಬ್ದವಿಲ್ಲದೆ ನೋಡಲಿ. ಅನಂತರ ತೆರೆಯನ್ನು ಮುಚ್ಚಿ ಕೇಳಲಿ. ಪ್ರತಿ ಕಟ್ ಬಂದಾಗಲೂ ನಿಲ್ಲುಗಡಿಯಾರ ನೋಡಿ ಕಾಲವನ್ನು ಬರೆದುಕೊಂಡು, ಕಾಲವನ್ನು x ಅಕ್ಷದಲ್ಲೂ ಅದುವರೆಗಿನ ಕಟ್‌ಗಳ ಸಂಖ್ಯೆಯನ್ನು y ಅಕ್ಷದಲ್ಲೂ ಗುರುತಿಸಲಿ. ರೇಖೆಯ ಇಳಿಜಾರೇ ಸಂಕಲನದ ವೇಗ. ಧ್ವನಿ ಸಂಪಾದನೆಯ ಯಾವುದಾದರೂ ಉಚಿತ ತಂತ್ರಾಂಶದಲ್ಲಿ ಶಬ್ದದ ಅಲೆಯಾಕಾರವನ್ನು ನೋಡಿದರೆ ಮೌನದ ಬಯಲು, ಅಬ್ಬರದ ಗೋಡೆ ಎರಡೂ ಕಣ್ಣಿಗೆ ಕಾಣುತ್ತವೆ. ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಪ್ರಶ್ನೆ ಕೇಳಿ: ಶಬ್ದವನ್ನು ತೆಗೆದ ಮೇಲೂ ಈ ಟ್ರೇಲರ್ ಕಾತರ ಹುಟ್ಟಿಸುತ್ತದೆಯೆ?

ಹೀಗೆ ಅಳೆದರೆ ರಸಭಂಗವಾಗುವುದಿಲ್ಲವೆ ಎಂದು ಕೆಲವರು ಕೇಳಬಹುದು. ಕಾಮನಬಿಲ್ಲಿನ ವಕ್ರೀಭವನವನ್ನು ತಿಳಿದವರಿಗೆ ಕಾಮನಬಿಲ್ಲು ಸಪ್ಪೆಯಾಗಿಲ್ಲ. ಟ್ರೇಲರ್ ಮೂಲತಃ ಒಂದು ಜಾಹೀರಾತು; ನಮ್ಮ ಹಣವನ್ನೂ ಸಮಯವನ್ನೂ ಕೇಳಲು ಬಂದದ್ದು. ಅದು ನಮ್ಮ ಸ್ನಾಯುಗಳನ್ನು ತಟ್ಟಿ ಕೇಳುತ್ತಿದೆಯೊ, ನಮ್ಮ ಕುತೂಹಲವನ್ನು ತಟ್ಟಿ ಕೇಳುತ್ತಿದೆಯೊ ಎಂದು ಗುರುತಿಸಬಲ್ಲ ವಿದ್ಯಾರ್ಥಿ ಚುನಾವಣೆಯ ಭಾಷಣವನ್ನೂ ಔಷಧಿಯ ಜಾಹೀರಾತನ್ನೂ ಅದೇ ಎಚ್ಚರದಿಂದ ನೋಡಬಲ್ಲ. ಬೆಚ್ಚಿದ ದೇಹ ಕೆಲವು ಸೆಕೆಂಡುಗಳಲ್ಲಿ ಮೊದಲಿನಂತಾಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಏನಿದೆ ಎಂಬ ಪ್ರಶ್ನೆ ಮಾತ್ರ ಮನೆಯವರೆಗೂ ಜೊತೆಗೆ ಬರುತ್ತದೆ.